ನಾಗವೇಣಿಯ ಅರ್ಧ ಹಾಡುಗಳು

ನಮ್ಮ ಊರಿನಲ್ಲಿ ನೀವು ಯಾರ ಮನೆಗೆ ಹೋದರೂ ಹಾಡು ಹಾಕುವ ಮೊದಲು ಮನೆಯವರು "ಇದು ನಿಮಗೆ ಉಳಿದಿದೆಯಾ?" ಎಂದು ಕೇಳುತ್ತಾರೆ. ಉಳಿದಿದೆ ಎಂದರೆ ಹಾಕುತ್ತಾರೆ. ಇಲ್ಲ ಎಂದರೆ ಬೇರೆ ಹಾಡು ಹುಡುಕುತ್ತಾರೆ, ಅದೂ ಸಿಗದಿದ್ದರೆ ಕೋಡುಬಳೆ ತಂದಿಟ್ಟು ಮಾತಿಗೆ ಕೂರುತ್ತಾರೆ. ಇಲ್ಲಿ ಒಂದು ಹಾಡು ಒಬ್ಬರಿಗೆ ಒಂದೇ ಸಲ ಕೇಳಿಸುತ್ತದೆ. ಎರಡನೆಯ ಸಲ ಅದನ್ನು ಯಾರು ಹಾಡಿದರೂ, ಎಷ್ಟು ಗಟ್ಟಿಯಾಗಿ ಹಾಕಿದರೂ ಕಿವಿಗೆ ಏನೂ ಬೀಳುವುದಿಲ್ಲ. ಹಾಡುವವರ ಬಾಯಿ ಆಡುವುದಷ್ಟೇ ಕಾಣುತ್ತದೆ. ನಾನು ಮದುವೆಯಾಗಿ ಹೊರಗಿನಿಂದ ಬಂದವಳು. ಬಂದ ಹೊಸತರಲ್ಲಿ ಕಿವಿ ಕೆಟ್ಟಿತೆಂದು ಅತ್ತೆಯ ಮುಂದೆ ಅತ್ತುಕೊಂಡೆ. "ಕೆಟ್ಟಿಲ್ಲ ಕಣಮ್ಮ, ಹೊಂದಿಕೊಂಡಿದೆ" ಎಂದು ಅವರು ಸಮಾಧಾನ ಮಾಡಿದರು.

ಹೊಂದಿಕೊಂಡವರ ಊರು ಇದು. ತಾಯಂದಿರು ದಿನಕ್ಕೊಂದು ಹೊಸ ಜೋಗುಳ ಕಟ್ಟಬೇಕು. ಅಷ್ಟೊಂದು ಚಂದ್ರ, ಅಷ್ಟೊಂದು ಗಿಳಿ ಎಲ್ಲಿಂದ ತರುವುದು? ಓರಗಿತ್ತಿಯ ಮೇಲಿನ ಸಿಟ್ಟು, ಸೋರುವ ನಲ್ಲಿ, ಬರುತ್ತೇನೆಂದು ಬಾರದ ನೆಂಟರು, ಎಲ್ಲವೂ ಜೋಗುಳಕ್ಕೆ ಬರುತ್ತವೆ. ಹಾಗಾಗಿ ನಮ್ಮ ಮಕ್ಕಳಿಗೆ ಮನೆಯ ಗುಟ್ಟೆಲ್ಲ ಹಲ್ಲು ಬರುವ ಮೊದಲೇ ಗೊತ್ತಿರುತ್ತದೆ. ಶಾಲೆಯ ಪ್ರಾರ್ಥನೆಯೂ ದಿನಾ ಹೊಸದು. ನಮ್ಮ ತಿಪ್ಪೇಸ್ವಾಮಿ ಮೇಷ್ಟ್ರು ನಿವೃತ್ತರಾಗುವ ಹೊತ್ತಿಗೆ ದೇವರ ಹೆಸರುಗಳೆಲ್ಲ ಮುಗಿದು, ಲಸಾಅ ಮಸಾಅಗಳನ್ನೇ ಭಕ್ತಿಯಿಂದ ಹಾಡಿಸುತ್ತಿದ್ದರು. ಮದುವೆ ಬ್ಯಾಂಡಿನ ದಸ್ತಗೀರ್ ಸಾಬರ ಕಷ್ಟವಂತೂ ಹೇಳತೀರದು. ಅವರು ಬಾರಿಸುವ ಹಾಡು ಮೆರವಣಿಗೆಯ ಅರ್ಧ ಜನಕ್ಕೆ ಉಳಿದಿರುತ್ತದೆ, ಅರ್ಧ ಜನಕ್ಕೆ ಮುಗಿದಿರುತ್ತದೆ. ಹೆಣ್ಣಿನ ಕಡೆಯವರು ಕುಣಿಯುತ್ತಿದ್ದರೆ ಗಂಡಿನ ಕಡೆಯವರು ಇವರಿಗೇನಾಗಿದೆ ಎಂದು ನೋಡುತ್ತ ನಿಲ್ಲುತ್ತಾರೆ.

ಇಂಥ ಊರಿನಿಂದ ನಾನು ಅಂತರರಾಷ್ಟ್ರೀಯ ಹಾಡಿನ ಸ್ಪರ್ಧೆಯೊಂದಕ್ಕೆ ಸೇರಿದೆ ಎಂದರೆ ನಗಬೇಡಿ. ಅಂತರ್ಜಾಲದಲ್ಲಿ ಹಾಡಿನ ಹುಚ್ಚಿರುವ ಕೆಲವರು ಕಟ್ಟಿಕೊಂಡ ಗುಂಪು ಅದು. ಪ್ರತಿ ಸುತ್ತಿಗೆ ಒಂದೊಂದು ದೇಶದವರು ತಮಗೆ ಇಷ್ಟವಾದ ಒಂದು ಹಾಡು ಕಳಿಸಬೇಕು, ಎಲ್ಲರೂ ಎಲ್ಲವನ್ನೂ ಕೇಳಿ ಅಂಕ ಕೊಡಬೇಕು. ಗೆದ್ದವರಿಗೆ ಬಹುಮಾನವೆಂದರೆ ಮುಂದಿನ ಸುತ್ತು ನಡೆಸುವ ಕೆಲಸ. ಸಿಟ್ಟು ಮಾಡಿಕೊಳ್ಳಬಾರದು ಎಂಬುದು ನಿಯಮಗಳಲ್ಲೇ ಇದೆ, ಅದೂ ಮೊದಲನೆಯದಾಗಿ. ನಾನು ಇಂಗ್ಲಿಷ್ ಮುಖ್ಯ ವಿಷಯವಾಗಿ ಬಿ.ಎ. ಓದಿದವಳು, ಆ ಇಂಗ್ಲಿಷು ಮನೆಯಲ್ಲಿ ಔಷಧಿ ಚೀಟಿ ಓದುವುದಕ್ಕಷ್ಟೇ ಬಳಕೆಯಾಗುತ್ತಿತ್ತು. ಈಗ ಅದಕ್ಕೆ ಸ್ವಲ್ಪ ಗಾಳಿ ಬೆಳಕು ಸಿಕ್ಕಿತು.

ಸೇರಿದ ದಿನವೇ ನಮ್ಮ ಊರಿನ ರೀತಿಯನ್ನು ಬರೆದು ತಿಳಿಸಿದೆ. ಅವರೆಲ್ಲ ಅದನ್ನು ತಮಾಷೆ ಎಂದುಕೊಂಡು ನಗುವ ಮುಖಗಳನ್ನು ಕಳಿಸಿದರು. ಫಿನ್‌ಲ್ಯಾಂಡಿನ ಐನೋ ಎಂಬಾಕೆ, "ನೀವು ಪುಣ್ಯವಂತರು. ನಮ್ಮಲ್ಲಿ ಡಿಸೆಂಬರ್ ಇಡೀ ಎಲ್ಲ ಅಂಗಡಿಗಳಲ್ಲೂ ಒಂದೇ ಹಾಡು" ಎಂದು ಬರೆದಳು. ನಿಮ್ಮ ಊರು ನಕ್ಷೆಯಲ್ಲಿ ಸಿಗುತ್ತಿಲ್ಲವಲ್ಲ ಎಂದೂ ಕೇಳಿದಳು. ನಕ್ಷೆ ಮಾಡುವವರು ಒಮ್ಮೆ ಬಂದಿದ್ದರು, ಊಟ ಮಾಡಿ ಹೋದರು ಎಂದು ಉತ್ತರ ಕೊಟ್ಟೆ. ಅದಕ್ಕೂ ನಗುವ ಮುಖ ಬಂತು.

ನಮ್ಮ ಊರಿನ ತೀರ್ಪುಗಾರರು ನಾಲ್ಕು ಜನ: ನಾನು, ದಸ್ತಗೀರ್ ಸಾಬರು, ತಿಪ್ಪೇಸ್ವಾಮಿ ಮೇಷ್ಟ್ರು, ಮತ್ತು ನನ್ನ ನಾದಿನಿ ನಾಗವೇಣಿ. ನಮ್ಮ ಮನೆಯ ನಡುಮನೆಯಲ್ಲಿ ಕೂತು ಫೋನಿಗೆ ಸ್ಪೀಕರ್ ಜೋಡಿಸಿ ಕೇಳುತ್ತೇವೆ. ಒಂದೇ ಸಲ ಕೇಳಿಸುವುದರಿಂದ ಯಾರೂ ಕೆಮ್ಮುವುದಿಲ್ಲ, ಕುರ್ಚಿ ಸರಿಸುವುದಿಲ್ಲ. ಒಮ್ಮೆ ಸಾಬರಿಗೆ ಸೀನು ಬಂದಾಗ ಮೇಷ್ಟ್ರು ಅವರ ಮೂಗನ್ನೇ ಹಿಡಿದುಕೊಂಡಿದ್ದರು.

ಆದರೆ ಹೊರದೇಶದ ಹಾಡುಗಳಲ್ಲಿ ಒಂದು ವಿಶೇಷ. ಹಾಡಿನೊಳಗೂ ನಮ್ಮ ಊರಿನ ರೀತಿ ತಪ್ಪುವುದಿಲ್ಲ: ಒಂದು ಸಾಲು ಮತ್ತೆ ಬಂದರೆ ಆ ಜಾಗ ನಮಗೆ ಖಾಲಿ. ನಮ್ಮ ಕಡೆಯ ಹಾಡುಗಳಲ್ಲಿ ಪಲ್ಲವಿ ಮರಳಿ ಬರುವಾಗ ಒಂದು ಗುಟುಕು ಕಾಫಿ ಕುಡಿಯುವಷ್ಟು ಬಿಡುವು ಇರುತ್ತದೆ. ಅವರ ಹಾಡುಗಳಲ್ಲಿ ಮೊದಲರ್ಧ ಕಳೆದ ಮೇಲೆ ಅದದೇ ಸಾಲು ತಿರುಗಿ ತಿರುಗಿ ಬರುತ್ತದೆಯಂತೆ. ನಮಗೆ ಮಾತ್ರ ಉಳಿದದ್ದೆಲ್ಲ ಮೌನ. ಇದು ಅವರು ಬೇಕೆಂದೇ ಇಟ್ಟ ಮೌನ ಎಂದು ನಾವು ಬಹಳ ಕಾಲ ತಿಳಿದಿದ್ದೆವು. "ಎರಡನೆಯ ಭಾಗದ ಮೌನ ಘನವಾಗಿತ್ತು, ಇಷ್ಟು ದೀರ್ಘವಾಗಿ ಸುಮ್ಮನಿರಲು ಧೈರ್ಯ ಬೇಕು" ಎಂದು ಮೇಷ್ಟ್ರು ಹೇಳಿದ್ದನ್ನು ನಾನು ಅಂಕದ ಜೊತೆ ಬರೆದು ಕಳಿಸಿದೆ. ಐನೋ, "ಯಾವ ಮೌನ? ಅಲ್ಲಿ ಡ್ರಮ್ಮು ಕಿವಿ ಒಡೆಯುವಂತಿದೆ" ಎಂದಳು. ಆಮೇಲೆ ಗುಂಪಿನಲ್ಲಿ ನಮಗೆ ಕವಿಗಳು ಎಂದು ಹೆಸರಾಯಿತು.

ಈಗ ನಾಗವೇಣಿಯ ವಿಷಯ. ಅವಳು ನನ್ನವರ ತಂಗಿ. ಅವಳ ಅಣ್ಣ ಇದ್ದಾಗಲೂ, ಹೋದ ಮೇಲೂ ನಾವಿಬ್ಬರು ಒಂದೇ ಮನೆಯಲ್ಲಿದ್ದೇವೆ. ಅಂಚೆ ಕಚೇರಿಯ ಉಳಿತಾಯದ ಕೌಂಟರಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಆ ಕೌಂಟರು ಅವಳ ಮೈಯಿಂದ ಇಳಿದೇ ಇಲ್ಲ. ಸೋಪಿನ ಚೂರು ಹೊಸ ಸೋಪಿಗೆ ಅಂಟಬೇಕು, ತೆಂಗಿನಕಾಯಿಯ ಒಂದು ಹೋಳು ನಾಳೆಗೆ ಇರಬೇಕು. ಹಾಡೂ ಹಾಗೆಯೇ. ಅವಳು ಯಾವ ಹಾಡನ್ನೂ ಪೂರ್ತಿ ಕೇಳುವುದಿಲ್ಲ. ಸರಿಯಾಗಿ ಅರ್ಧಕ್ಕೆ ಎದ್ದು ಅಡುಗೆಮನೆಗೆ ಹೋಗಿ, ಮಿಕ್ಕದ್ದು ಕಿವಿಗೆ ಬೀಳಬಾರದೆಂದು ಮಿಕ್ಸಿ ಹಾಕಿಬಿಡುತ್ತಾಳೆ. ಖಾಲಿ ಮಿಕ್ಸಿ ತಿರುಗಿಸಲು ಅವಳಿಗೆ ಮನಸ್ಸು ಬರುವುದಿಲ್ಲವಾದ್ದರಿಂದ ಪ್ರತಿ ಹಾಡಿಗೂ ಒಂದು ಚಟ್ನಿ ಆಗುತ್ತದೆ. ಸ್ಪರ್ಧೆಯ ವಾರಗಳಲ್ಲಿ ನಮ್ಮ ಬೀದಿಯವರೆಲ್ಲ ಪಾತ್ರೆ ಹಿಡಿದು ಬರುತ್ತಾರೆ. ಹೀರೇಕಾಯಿ ಸಿಪ್ಪೆಯ ಚಟ್ನಿ ಸಿಕ್ಕಿದವರು "ಇದು ಯಾವ ದೇಶದ್ದು?" ಎಂದು ಕೇಳುತ್ತಾರೆ.

ಹೀಗೆ ಉಳಿಸಿದ ಅರ್ಧಗಳನ್ನೆಲ್ಲ ಅವಳು ಒಂದು ಹಳೆಯ ಫೋನಿನಲ್ಲಿ ತುಂಬಿಸಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟಿದ್ದಳು. "ಕೈಲಾಗ್ದೇ ಇರೋ ಕಾಲಕ್ಕೆ ಬೇಕಾಗತ್ತೆ ಅತ್ತಿಗೆ," ಎನ್ನುತ್ತಿದ್ದಳು. "ನೀನು ಎಲ್ಲಾನೂ ಬಂದ ತಕ್ಷಣ ಕೇಳಿ ಖರ್ಚು ಮಾಡ್ಕೊಂಡು ಕೂತಿದ್ದೀಯ. ನಾಳೆ ನಾನು ಕೇಳ್ತಾ ಮಲಗಿರ್ತೀನಿ, ನೀನು ಸೂರು ನೋಡ್ತಾ ಕೂತಿರ್ತೀಯ."

ಆ ಕಾಲ ಹತ್ತಿರವೂ ಬಂದಿತ್ತು. ಮುಂದಿನ ತಿಂಗಳು ಅವಳಿಗೆ ಮಂಡಿಯ ಆಪರೇಷನ್. ಮಲಗಿರಬೇಕಾದ ದಿನಗಳಿಗೆಂದು ಯಾವ ಅರ್ಧ ಬೆಳಗ್ಗೆ, ಯಾವ ಅರ್ಧ ಊಟದ ಮೇಲೆ ಎಂದು ಆಗಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದಳು. ಉಪ್ಪಿನಕಾಯಿ ಹಾಕಿಟ್ಟವರ ನೆಮ್ಮದಿ ಅವಳ ಮುಖದಲ್ಲಿತ್ತು. ಆ ಫೋನಿನಲ್ಲಿ ಏನಿದೆ ಎಂದು ನಮಗೆ ಮೂವರಿಗೂ ಗೊತ್ತಿತ್ತು. ಮೊದಲರ್ಧದಲ್ಲೇ ಎಲ್ಲ ಸಾಲುಗಳನ್ನೂ ಕೇಳಿ ಮುಗಿಸಿದವಳಿಗೆ ಎರಡನೆಯರ್ಧದಲ್ಲಿ ಏನೂ ಇರುವುದಿಲ್ಲ. ಅವಳು ಸೀರೆಗಳ ನಡುವೆ ಮೌನವನ್ನು ಜೋಪಾನ ಮಾಡುತ್ತಿದ್ದಳು.

ನಾವು ಯಾರೂ ಹೇಳಲಿಲ್ಲ. ಹಾಡು ಉಳಿದಿರುವವರ ಮುಂದೆ ಅದರ ಸುದ್ದಿ ಎತ್ತಬಾರದೆಂಬ ಮರ್ಯಾದೆ ನಮ್ಮ ಊರಿನಲ್ಲಿ ಇದ್ದೇ ಇದೆ. ಅದರ ಹಿಂದೆ ಅವಿತುಕೊಂಡೆವು. ಅವಳು ಚಟ್ನಿಯ ಬಟ್ಟಲು ಹಿಡಿದು ಬಂದು "ಹೇಗಿತ್ತು ಮಿಕ್ಕಿದ್ದು?" ಎಂದು ಆಸೆಯಿಂದ ಕೇಳಿದರೆ ದಸ್ತಗೀರ್ ಸಾಬರು ಎರಡೂ ಕಿವಿ ಮುಟ್ಟಿಕೊಂಡು, "ಹೇಳಬಾರದು ತಾಯಿ, ನಿಮಗೆ ಉಳಿದದೆ. ಆದ್ರೆ ಒಂದ್ ಮಾತು, ನಿಮ್ ಅದೃಷ್ಟ!" ಎನ್ನುತ್ತಿದ್ದರು. ಮೌನದ ಬಗ್ಗೆ ಚರ್ಚೆ ಮಾಡುವುದಿದ್ದರೆ ಮೇಷ್ಟ್ರು ಮಿಕ್ಸಿ ನಿಲ್ಲುವ ಮೊದಲೇ ಮುಗಿಸಿಬಿಡುತ್ತಿದ್ದರು. ಅವಳನ್ನು ಅರ್ಧ ನ್ಯಾಯಾಧೀಶೆ ಎಂದು ಎಲ್ಲರಿಗಿಂತ ಹೆಚ್ಚು ರೇಗಿಸುವವರೂ ಅವರೇ. "ಪರೀಕ್ಷೆ ಪತ್ರಿಕೆ ಅರ್ಧ ಓದಿ ನೂರಕ್ಕೆ ತೊಂಬತ್ತು ಕೊಡ್ತೀರಲ್ಲಮ್ಮ, ನಿಮ್ಮಂಥವರು ನನಗೆ ಮೇಷ್ಟ್ರಾಗಿದ್ದಿದ್ದರೆ!" ಎನ್ನುವರು. "ನಿಮ್ ಪತ್ರಿಕೇಲಿ ಮಿಕ್ಕರ್ಧ ಖಾಲೀನೇ ಇರ್ತಿತ್ತೇನೋ ಮೇಷ್ಟ್ರೇ" ಎಂದು ಅವಳು ಹೇಳಿದಾಗ ನಾವು ಮೂವರೂ ಚಟ್ನಿಯ ಕಡೆ ತಿರುಗಿದೆವು.

ಹಿಂದಿನ ಸುತ್ತಿನಲ್ಲಿ ನಾವು ಕಳಿಸಿದ ಹಾಡು ಗೆದ್ದಿದ್ದರಿಂದ ಈ ಸಲದ ಸುತ್ತು ನಡೆಸುವ ಕೆಲಸ ನಮ್ಮದಾಗಿತ್ತು. ಭಾನುವಾರ ಮಧ್ಯಾಹ್ನ ಎಲ್ಲ ದೇಶದ ಅಂಕಗಳೂ ಬಂದವು. ಕೂಡಿದ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಕೂಡಿದರು. ಮೊದಲ ಸ್ಥಾನಕ್ಕೆ ಇಬ್ಬರು ಸಮ: ಐನೋ ಮತ್ತು ದುವಾರ್ತೆ.

ದುವಾರ್ತೆ ಪೋರ್ಚುಗಲ್‌ನವನು, ನದಿ ದಾಟಿಸುವ ದೋಣಿಯಲ್ಲಿ ಟಿಕೆಟ್ ನೋಡುವವನು. ಐವತ್ತು ದಾಟಿದ್ದಾನೆ, ನನಗೆ ಹುಡುಗನೇ. ಪ್ರತಿ ಸುತ್ತಿನಲ್ಲೂ ಕೊನೆಯ ಸ್ಥಾನ ಅವನಿಗೆ ಮೀಸಲು. ಅವನು ಕಳಿಸುವ ಹಾಡುಗಳಲ್ಲಿ ಒಂದು ಸಾಲೂ ಎರಡು ಸಲ ಬರುವುದಿಲ್ಲ. ಗುನುಗಲು ಏನೂ ಸಿಗುವುದಿಲ್ಲ ಎಂದು ಎಲ್ಲರೂ ಅವನಿಗೆ ಸೊನ್ನೆ ಕೊಡುತ್ತಿದ್ದರು. ನಾವು ಮಾತ್ರ ಇವನ ಹಾಡಿನಲ್ಲಿ ಒಂದು ತೂತೂ ಇಲ್ಲವಲ್ಲ ಎಂದು ಬೆರಗಾಗಿ ತುಂಬ ಅಂಕ ಕೊಡುತ್ತಿದ್ದೆವು. ಈ ಸಲವೂ ಕೊನೆಯವನಾದರೆ ಇನ್ನು ಹಾಡು ಕಳಿಸುವುದಿಲ್ಲ, ಸುಮ್ಮನೆ ಕೇಳಿಕೊಂಡಿರುತ್ತೇನೆ ಎಂದು ಬರೆದಿದ್ದ. ಆದರೆ ಈ ಸಲದ ಹಾಡು ಅವನ ಊರಿನ ಮುದುಕ ದೋಣಿಗಾರನೊಬ್ಬ ಹಾಡಿದ್ದು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರು ಹೇಳುವ ನೆಪಗಳೇ ಹಾಡು, ಸಾಲಿಗೊಂದು ನೆಪ. ಅರ್ಥ ಬರೆದು ಕಳಿಸಿದ್ದರಿಂದ ಎಲ್ಲ ದೇಶದವರೂ ನಕ್ಕು ಅಂಕ ಕೊಟ್ಟಿದ್ದರು.

ಸಮ ಬಂದರೆ ಏನು ಮಾಡಬೇಕೆಂಬುದು ನಿಯಮದಲ್ಲಿ ಸ್ಪಷ್ಟವಾಗಿದೆ. ಸುತ್ತು ನಡೆಸುವ ಊರಿನ ತೀರ್ಪುಗಾರರಲ್ಲಿ ಒಬ್ಬರು ಎರಡೂ ಹಾಡುಗಳನ್ನು ಇನ್ನೊಮ್ಮೆ ಕೇಳಿ ತೀರ್ಮಾನಿಸಬೇಕು.

"ಇನ್ನೊಮ್ಮೆ," ಎಂದು ಸಾಬರು ಆ ಪದವನ್ನು ಬಾಯಿಯಲ್ಲಿ ತಿರುಗಿಸಿ ನೋಡಿದರು. "ಎಂಥಾ ಆರಾಮದ ಮಾತು."

ನಾನು ಗುಂಪಿಗೆ ನಮ್ಮ ತೊಂದರೆ ಬರೆದೆ. ನಗುವ ಮುಖಗಳು ಬಂದವು. ಅಷ್ಟರಲ್ಲಿ ಐನೋ ನನಗೊಬ್ಬಳಿಗೇ ಬರೆದಳು: "ದುವಾರ್ತೆಗೆ ಕೊಟ್ಟುಬಿಡಿ. ನಾನು ಬೇಕಾದಷ್ಟು ಸಲ ಗೆದ್ದಿದ್ದೇನೆ. ನಾನು ಹೇಳಿದೆ ಎಂದು ಮಾತ್ರ ಹೇಳಬೇಡಿ." ಅದನ್ನು ಓದಿ ಮುಗಿಸುವ ಮೊದಲೇ ದುವಾರ್ತೆಯೂ ನನಗೊಬ್ಬಳಿಗೇ ಬರೆದ: "ಐನೋಗೆ ಕೊಡಿ. ಕೊನೆಯವನಾಗಲಿಲ್ಲವಲ್ಲ, ನನಗೆ ಅಷ್ಟು ಸಾಕು. ಆದರೆ ನಿಜವಾಗಿ ಕೇಳಿ ನನ್ನದೇ ಮೇಲು ಅನ್ನಿಸಿದರೆ ಆ ಮಾತು ಬೇರೆ." ಕೊನೆಯ ವಾಕ್ಯವನ್ನು ಬರೆಯಬೇಕೋ ಬೇಡವೋ ಎಂದು ಆತ ಎಷ್ಟು ಹೊತ್ತು ಯೋಚಿಸಿರಬೇಕು ಎಂದುಕೊಂಡೆ.

"ನಾಣ್ಯ ಚಿಮ್ಮೋಣ" ಎಂದರು ಮೇಷ್ಟ್ರು.

"ಆ ದೋಣಿಯವರಿಗೇ ಕೊಟ್ಬಿಡಿ ಕುಮುದಕ್ಕ, ಪಾಪ," ಎಂದು ಸಾಬರು ನನ್ನ ಕಡೆ ತಿರುಗಿದರು.

ನಾಗವೇಣಿ ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದಳು. "ಕೇಳ್ದೇನೇ ಕೊಡೋದಾ? ಅಂಕ ಏನು ಪ್ರಸಾದವಾ, ಕೈ ಚಾಚಿದವರಿಗೆಲ್ಲ ಹಾಕೋಕೆ? ಆ ಮನುಷ್ಯ ಇಷ್ಟು ದಿನ ಕಾದಿದ್ದು ಪಾಪ ಅನ್ನಿಸ್ಕೊಳ್ಳೋಕಾ?"

"ಕೇಳೋಕೆ ಯಾರಿಗಮ್ಮ ಉಳಿದಿದೆ?" ಎಂದರು ಮೇಷ್ಟ್ರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

ಅವಳು ಆಗಲೇ ಬೀರುವಿನ ಕಡೆ ಹೊರಟಿದ್ದಳು. ಸೀರೆಗಳ ನಡುವಿನಿಂದ ಫೋನು ತೆಗೆದು, ಸುತ್ತಿದ್ದ ಕರ್ಚೀಫು ಬಿಚ್ಚಿ, ಮಗುವನ್ನು ತರುವ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದಳು. ಇಷ್ಟು ಕಾಲ ರೇಗಿಸಿಕೊಂಡವಳಿಗೆ ಇವತ್ತು ಊರಿನ ಮಾನ ತನ್ನ ಕೈಯಲ್ಲಿದೆ ಎಂಬ ಹೆಮ್ಮೆ. "ಎರಡೂ ಅರ್ಧ ನನ್ನ ಹತ್ರ ಇದೆ. ಕೇಳೇ ಬಿಡ್ತೀನಿ. ಉಳಿಸೋದು ಇಂಥ ಹೊತ್ತಿಗೇ ತಾನೆ?"

ನಾನು ಅಡ್ಡ ಬಂದೆ. "ಬೇಡ ವೇಣಿ. ಆಪರೇಷನ್‌ಗೆ ಅಂತ ಇಟ್ಕೊಂಡಿರೋದು. ಯಾರೋ ದೂರದವರಿಗೋಸ್ಕರ ಯಾಕೆ ತೆಗೀತೀಯ?"

"ಅಯ್ಯೋ, ಎರಡು ತೆಗೆದರೆ ಖಾಲಿ ಆಗಲ್ಲ ಅತ್ತಿಗೆ. ರಾಶಿ ಇದೆ."

"ಚಾರ್ಜ್ ಇರಲಿಕ್ಕಿಲ್ಲ ತಾಯಿ," ಎಂದರು ಸಾಬರು. ಚಾರ್ಜ್ ಇತ್ತು. "ಈ ಸ್ಪೀಕರ್ ವೈರು ಸ್ವಲ್ಪ ಸಡಿಲ" ಎಂದು ಅದನ್ನು ನಿಜವಾಗಿಯೂ ಸಡಿಲ ಮಾಡಲು ಹೋದರು. ಅವಳು ಅವರ ಕೈ ಸರಿಸಿ ವೈರನ್ನು ಒತ್ತಿ ಸಿಕ್ಕಿಸಿದಳು. ಮೇಷ್ಟ್ರು ಎದ್ದು ನಿಂತು, ನಾಳೆಗೆ ಮುಂದೂಡಬಹುದೆಂದು ನಿಯಮದಲ್ಲಿ ಎಲ್ಲಾದರೂ ಇದೆಯೇ ಎಂದು ನನ್ನನ್ನು ಕೇಳಿದರು. ಇರಲಿಲ್ಲ. ನಾಗವೇಣಿ ನಮ್ಮ ಮೂವರನ್ನೂ ನೋಡಿ, "ಏನಾಗಿದೆ ನಿಮಗೆಲ್ಲ? ನಾನು ಒಂದು ಸಲ ಪೂರ್ತಿ ಕೇಳ್ತೀನಿ ಅಂದರೆ ಹೀಗೆ ಹೆದರ್ಕೋತೀರಲ್ಲ" ಎಂದು ನಕ್ಕು, ಸೆರಗು ಹೊದ್ದು, ಐನೋಳ ಹಾಡಿನ ಎರಡನೆಯರ್ಧ ಹಾಕಿ ಕಣ್ಣು ಮುಚ್ಚಿದಳು.

ನಮ್ಮ ಮೂವರಿಗೆ ಏನೂ ಕೇಳಿಸದಿರುವುದು ಸಹಜ, ನಮಗೆ ಮುಗಿದಿತ್ತು. ಅವಳು ತಾಳಕ್ಕೆಂದು ತೊಡೆಯ ಮೇಲೆ ಎತ್ತಿದ ಕೈ ಹಾಗೆಯೇ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಒಂದು ಕಣ್ಣು ತೆರೆದಳು.

"ಸೌಂಡು ಜಾಸ್ತಿ ಮಾಡಿ ಸಾಬ್ರೇ."

"ಜಾಸ್ತೀನೇ ಅದೆ ತಾಯಿ."

ಅವಳು ನಂಬಲಿಲ್ಲ. ಸ್ಪೀಕರಿನ ಹತ್ತಿರ ಕಿವಿ ಒಯ್ದಳು. ಅದೇ ಹೊತ್ತಿಗೆ ಗೇಟಿನ ಹತ್ತಿರ ಏನೋ ಆಡಿದಂತಾಗಿ ಕಿಟಕಿಯಾಚೆ ನೋಡಿದೆವು. ಎದುರು ಮನೆಗೆ ಸಿಲಿಂಡರ್ ತಂದಿದ್ದ ಗಂಗರಾಜು ಅದನ್ನು ನೆಲಕ್ಕಿಳಿಸಿ, ನಮ್ಮ ಕಾಂಪೌಂಡಿಗೆ ಒರಗಿ, ತಲೆ ಅಲ್ಲಾಡಿಸುತ್ತ, ಸಿಲಿಂಡರಿನ ಮೇಲೆ ಎರಡೂ ಕೈಯಿಂದ ಡ್ರಮ್ಮು ಬಾರಿಸುತ್ತಿದ್ದ. ಅವನಿಗೆ ಆ ಹಾಡು ಉಳಿದಿತ್ತು. ಒಳಗೆ ನಾಲ್ಕು ಜನ ಸುಮ್ಮನೆ ಕೂತಿದ್ದೇವೆ, ಹೊರಗೆ ಅವನೊಬ್ಬ ಕುಣಿಯುತ್ತಿದ್ದಾನೆ. ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ.

ನಾಗವೇಣಿ ಗಂಗರಾಜುವನ್ನು ನೋಡಿದಳು. ಮತ್ತೆ ಸ್ಪೀಕರನ್ನು ನೋಡಿದಳು. ಉಳಿತಾಯದ ಕೌಂಟರಿನಲ್ಲಿ ಕೂತಿದ್ದವಳಿಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಈ ಸಾಲೆಲ್ಲ ನಾನು ಮೊದಲರ್ಧದಲ್ಲೇ ಕೇಳಿಬಿಟ್ಟಿದ್ದೀನಿ," ಎಂದಳು.

ಗಂಗರಾಜು ಬಾರಿಸುವುದು ನಿಲ್ಲಿಸಿದ್ದರಿಂದ ಹಾಡು ಮುಗಿಯಿತೆಂದು ತಿಳಿಯಿತು. ಅವಳು ಏನೂ ಆಗದವಳಂತೆ ದುವಾರ್ತೆಯ ಹಾಡಿನ ಉಳಿದರ್ಧ ಹಾಕಿದಳು. ಈ ಸಲ ಕಣ್ಣು ಮುಚ್ಚಲಿಲ್ಲ. ಮೋಸಹೋದವರು ಎರಡನೆಯ ಅಂಗಡಿಯಲ್ಲಿ ನೋಡುವಂತೆ ಸ್ಪೀಕರನ್ನೇ ನೋಡುತ್ತಿದ್ದಳು. ಆಮೇಲೆ ಅವಳ ಹುಬ್ಬು ಮೇಲೇರಿತು. ಬಾಯಿ ಸ್ವಲ್ಪ ತೆರೆಯಿತು. ಒಂದು ಕಡೆ ಅವಳು ಕಿಸಕ್ಕನೆ ನಕ್ಕಳು. ಪೋರ್ಚುಗೀಸಿನ ಒಂದು ಅಕ್ಷರ ಅವಳಿಗೆ ಬರುವುದಿಲ್ಲ. ಅರ್ಥ ಬರೆದ ಕಾಗದವನ್ನೂ ಅವಳು ಅರ್ಧಕ್ಕೆ ಮಡಚಿ ಇಟ್ಟಿದ್ದಳು. ಅವಳು ಒಂದು ಹಾಡಿನ ಕೊನೆಯನ್ನು ಕೇಳುವುದನ್ನು ನಾನು ನೋಡಿದ್ದು ಅದೇ ಮೊದಲು. ಕೊನೆ ಬಂದಾಗ ಅವಳಿಗೆ ಅದು ಕೊನೆಯೆಂದು ಗೊತ್ತಾಗದೆ, ಇನ್ನೂ ಬರುತ್ತದೆಂದು ಕಾಯುತ್ತಿದ್ದಳು.

ಫೋನಿನ ಪರದೆ ನೋಡಿ, "ಮುಗೀತು ವೇಣಿ," ಎಂದೆ.

"ಓ. ಹೀಗೆ ಮುಗಿಯತ್ತಾ?" ಎಂದಳು. ಆಮೇಲೆ ಗಂಟಲು ಸರಿಮಾಡಿಕೊಂಡು, "ಬರಿ ಅತ್ತಿಗೆ. ದೋಣಿಯವರಿಗೇ. ಆ ಮುದುಕರು ಕೊನೇಲಿ ನಗು ತಡ್ಕೊಂಡು ಹಾಡ್ತಾರೆ, ತಡೆಯೋಕಾಗದೆ ಒಂದು ಸಾಲು ಬಿಟ್ಟೇ ಬಿಡ್ತಾರೆ. ಅದು ಐನೋ ಹಾಡಲ್ಲಿ ಇಲ್ಲ. ಐನೋಗೂ ಬರಿ, ನಿಮ್ಮ ಹಾಡು ಚೆನ್ನಾಗಿದೆ, ನಮ್ಮ ಸಿಲಿಂಡರ್ ಗಂಗರಾಜು ಕುಣಿದ ಅಂತ."

ನಾನು ಬರೆದೆ. ಬರೆಯುವಾಗ ನಡೆದದ್ದನ್ನೆಲ್ಲ ಬರೆದುಬಿಟ್ಟೆ: ಫೋನು, ಅದರೊಳಗಿನ ಅರ್ಧಗಳು, ಮಂಡಿಯ ಆಪರೇಷನ್ನು, ಗೇಟಿನ ಬಳಿ ಬಾರಿಸುತ್ತಿದ್ದ ಗಂಗರಾಜು. ಕಳಿಸಿ ತಲೆಯೆತ್ತಿದರೆ ಅವಳು ಕೇಳಿದಳು, "ಮಿಕ್ಕಿದ್ದೂ ಹೀಗೇನಾ?"

ಸಾಬರು ಕಿವಿ ಮುಟ್ಟಿಕೊಳ್ಳಲು ಎತ್ತಿದ ಕೈಯನ್ನು ಇಳಿಸಿದರು. ಮೇಷ್ಟ್ರು ಕೂಡಿಟ್ಟ ಅಂಕಗಳನ್ನೇ ಮತ್ತೆ ಕೂಡತೊಡಗಿದರು.

"ಹೆಚ್ಚುಕಮ್ಮಿ ಎಲ್ಲಾ," ಎಂದೆ.

"ನಿಮಗೆ ಮೂವರಿಗೂ ಗೊತ್ತಿತ್ತು."

"ಗೊತ್ತಿತ್ತು."

"ಅದಕ್ಕೇ ಸಾಬ್ರು ನನ್ನ ಅದೃಷ್ಟ ಹೊಗಳ್ತಿದ್ದಿದ್ದು."

"ತಪ್ಪಾಯ್ತು ತಾಯಿ," ಎಂದರು ಸಾಬರು. "ನೀವು ಬಟ್ಲು ಹಿಡ್ಕೊಂಡು ಹಾಗೆ ನಗ್ತಾ ಕೇಳ್ದಾಗ ನಾನೇನ್ ಹೇಳ್ಲಿ?"

ಅವಳು ಫೋನಿಗೆ ಕರ್ಚೀಫು ಸುತ್ತಿದಳು. ಬೀರುವಿಗೆ ಒಯ್ಯಲಿಲ್ಲ, ಟೀವಿಯ ಪಕ್ಕ ಇಟ್ಟಳು. ಅವಳು ಅಳಬಹುದೆಂದು ನಾನು ನೀರು ತರಲು ಎದ್ದೆ. ಎದ್ದವಳು ಅರ್ಧ ದಾರಿಯಲ್ಲಿ ನಿಂತೆ, ಏಕೆಂದರೆ ಅವಳು ಮೇಷ್ಟ್ರ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಹಂಗಾದ್ರೆ ಮೇಷ್ಟ್ರೇ, ಇಷ್ಟು ದಿನ ನಾನು ಪೂರ್ತಿ ಹಾಡು ಕೇಳೇ ಅಂಕ ಕೊಟ್ಟಿದ್ದೀನಿ. ಅರ್ಧ ನ್ಯಾಯಾಧೀಶೆ ಅಂತ ಯಾರನ್ನ ಅಂತಿದ್ರಿ?"

ಮೇಷ್ಟ್ರು ಎದ್ದು ಕೈಮುಗಿದರು. "ನಾವು ಮೌನಕ್ಕೂ ಸೇರಿಸಿ ಅಂಕ ಕೊಟ್ಟವರು. ನೀವೇ ಸರಿ."

"ಮತ್ತೆ? ನೀವೆಲ್ಲ ಖಾಲಿ ಸ್ಪೀಕರ್ ಮುಂದೆ ಕೂತಿದ್ದಾಗ ನಾನು ಚಟ್ನಿ ಮಾಡಿದ್ದೀನಿ."

ಎಲ್ಲರೂ ನಕ್ಕೆವು. ಆದರೆ ಅವತ್ತು ಸಂಜೆ ಅವಳು ದೀಪ ಹಚ್ಚಿದ ಮೇಲೆ ಬಹಳ ಹೊತ್ತು ದೇವರ ಮುಂದೆ ಕೂತಿದ್ದಳು. ಎದ್ದು ಬಂದು, "ಆಸ್ಪತ್ರೆಗೆ ಹೋಗೋವಾಗ ಯಾವುದಾದ್ರೂ ಕಾದಂಬರಿ ತಗೊಂಡು ಹೋಗೋಣ ಅತ್ತಿಗೆ" ಎಂದಳು. ಅಷ್ಟೇ ಅಂದಳು.

ಗುಂಪಿನಲ್ಲಿ ಆ ದಿನ ಯಾರೂ ನಗುವ ಮುಖ ಕಳಿಸಲಿಲ್ಲ. ಐನೋ ತುಂಬ ತಡವಾಗಿ ಬರೆದಳು: "ನಮಗೆ ಮರಳಿ ಬರುವ ಸಾಲೆಂದರೆ ಎಲ್ಲರೂ ಸೇರಿ ಹಾಡುವ ಜಾಗ. ನಿಮ್ಮಲ್ಲಿ ಜೊತೆಗೆ ಹಾಡಬೇಕೆನಿಸಿದರೆ ಏನು ಮಾಡುತ್ತೀರಿ?" ದುವಾರ್ತೆ ಮೊದಲು ಒಂದೇ ಪದ ಬರೆದಿದ್ದ, "ನಿಜವಾಗಿಯೂ?" ಎಂದು. ನಿಜವಾಗಿಯೂ ಎಂದು ನಾನೂ ಬರೆದೆ. ಮಾರನೆಯ ದಿನ ಅವನು ತನ್ನ ಸುತ್ತಿನ ನಿಯಮ ಪ್ರಕಟಿಸಿದ: ಈ ಸಲ ಯಾವ ದೇಶದ ಹಾಡಿನಲ್ಲೂ ಒಂದು ಸಾಲು ಎರಡು ಸಲ ಬರಬಾರದು, ಹಾಡುಗಳು ನಮ್ಮ ಊರಿನ ನಾಗವೇಣಿಯವರ ಮಂಡಿ ವಾಸಿಯಾಗುವುದರೊಳಗೆ ತಲುಪಬೇಕು. ಅದು ಅಂದುಕೊಂಡಷ್ಟು ಸುಲಭವಲ್ಲವೆಂದು ಎಲ್ಲ ದೇಶಗಳಿಂದಲೂ ಗೊಣಗಾಟ ಬಂತು. ಐನೋ ತನ್ನ ಅಜ್ಜಿಯ ಕಾಲದ ಗ್ರಾಮಫೋನ್ ತಟ್ಟೆಗಳನ್ನೆಲ್ಲ ಅಟ್ಟದಿಂದ ಇಳಿಸಿದ್ದಾಳಂತೆ.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ, ಆ ಹಾಡುಗಳು ಇನ್ನೂ ಬಂದಿರದಿದ್ದ ಒಂದು ಬೆಳಗ್ಗೆ, ಅವಳು ಟೀವಿಯ ಪಕ್ಕದ ಫೋನು ಕೊಡೆಂದು ಕೈ ಚಾಚಿದಳು.

"ಯಾಕೆ ವೇಣಿ, ಸುಮ್ನೆ ಮನಸ್ಸಿಗೆ ಬೇಜಾರು."

"ಹೆಚ್ಚುಕಮ್ಮಿ ಎಲ್ಲಾ ಅಂದಿದ್ದೆ ನೀನು. ಎಲ್ಲಾ ಅನ್ನಲಿಲ್ಲ."

ದುವಾರ್ತೆಯ ಹಳೆಯ ಹಾಡುಗಳ ಅರ್ಧಗಳು ಆಸ್ಪತ್ರೆಗೆ ಹೋಗುವ ಮೊದಲೇ ಖರ್ಚಾಗಿದ್ದವು, ಮಿಕ್ಕವನ್ನು ಒಂದೊಂದಾಗಿ ಹಾಕುತ್ತ ಹೋದೆ. ಅವಳು ದಿಂಬಿಗೆ ಒರಗಿ, ಕಟ್ಟು ಹಾಕಿದ ಕಾಲನ್ನು ಚಾಚಿ, ಇಲ್ಲ ಎಂದು ತಲೆಯಾಡಿಸುವಳು. ನಾನು ಮುಂದಿನದನ್ನು ಹಾಕುವೆ. ಇಬ್ಬರು ಮುದುಕಿಯರು ಏನೂ ಕೇಳಿಸದ ಫೋನನ್ನು ನಡುವೆ ಇಟ್ಟುಕೊಂಡು ಮಧ್ಯಾಹ್ನದವರೆಗೆ ಕೂತಿದ್ದೆವು. ಗಂಜಿ ಆರುತ್ತಿತ್ತು. ಇನ್ನು ಸಾಕು ಎನ್ನೋಣವೆಂದುಕೊಳ್ಳುವಷ್ಟರಲ್ಲಿ ಅವಳು ಬೆರಳೆತ್ತಿದಳು.

"ಇದೆ."

"ಯಾವುದು?"

"ಇದರಲ್ಲಿ ಇದೆ ಅತ್ತಿಗೆ, ಬೇರೇನೋ ಬರ್ತಿದೆ!"

ಅದು ಪೆರುವಿನಿಂದ ಬಂದ ಹಾಡು, ಬಹಳ ಹಿಂದಿನ ಸುತ್ತಿನದು. ನಾನು ಕೇಳಿ ಮುಗಿಸಿದ್ದೆ, ಹೇಗಿತ್ತೆಂದು ಮರೆತೂ ಹೋಗಿತ್ತು. ಅವಳ ಮುಖ ಅರಳುತ್ತಿರುವುದನ್ನು ನೋಡುತ್ತ ಕೂತೆ. ಖುಷಿಯಲ್ಲಿ ಅವಳು ಅದರ ಜೊತೆ ಹಾಡತೊಡಗಿದಳೆಂದು ತೋರುತ್ತದೆ. ಬಾಯಿ ಆಡುತ್ತಿತ್ತು, ನನಗೆ ಸದ್ದಿಲ್ಲ. ನಾನು ಗಂಜಿಯ ಲೋಟದ ಕಡೆ ನೋಡಿದೆ. ಅವಳು ನನ್ನನ್ನು ನೋಡಿ ಹಾಡುವುದನ್ನು ನಿಲ್ಲಿಸಿದಳು. ಒಂದು ಕ್ಷಣ ಯೋಚಿಸಿದಳು. ಜೀವಮಾನದಲ್ಲಿ ಒಂದು ಸೋಪಿನ ಚೂರನ್ನೂ ಬಿಟ್ಟುಕೊಡದವಳು, ಸಿಕ್ಕಿದ ಒಂದೇ ಒಂದು ಅರ್ಧ ಓಡುತ್ತಿರುವಾಗ, ಅದರ ಮೇಲೆ ಮಾತಾಡತೊಡಗಿದಳು.

"ಈಗ ಒಬ್ಬ ಗಂಡಸು ಮೇಲಕ್ಕೆ ಹೋದ. ಹೋದ, ಹೋದ, ಅಲ್ಲೇ ನಿಂತ. ಉಸಿರು ಎಳ್ಕೊಂಡ. ಈಗ ಇಳೀತಾನೆ ನೋಡು, ಮೆಟ್ಟಿಲು ಇಳಿದ ಹಾಗೆ, ಒಂದೊಂದೇ. ಕೆಳಗೆ ಯಾರೋ ಹೆಂಗಸು ಕಾಯ್ತಿದ್ದಾಳೆ, ಅವಳ ದನಿ ನಿನ್ನ ದನಿ ಥರಾನೇ ಇದೆ, ಸ್ವಲ್ಪ ಒಡಕು."

"ನನ್ನದು ಒಡಕಾ? ಕೇಳ್ತಾ ಇರೇ, ನೀನು ಮಾತಾಡಿದ್ರೆ ನಿನಗೆ ತಪ್ಪಿಹೋಗತ್ತೆ," ಎಂದೆ. ನನ್ನ ದನಿ ನಿಜವಾಗಿಯೂ ಸ್ವಲ್ಪ ಒಡೆದಿತ್ತು.

"ನೀನು ಸುಮ್ನಿರು," ಎಂದು ನನ್ನ ಕೈ ಹಿಡಿದುಕೊಂಡಳು. "ಪಿಟೀಲು ಬರ್ತಿದೆ, ಹೇಳ್ತೀನಿ."